ಕೇರಳ ಲಾಟರಿ ಹೊಡೆದರೆ ಟಿಕೆಟ್ ಎಲ್ಲಿ ಕೊಡೋದು: ಅಂಗಡಿಗಾ, ಬ್ಯಾಂಕಿಗಾ, ತಿರುವನಂತಪುರಕ್ಕಾ?

ಕರ್ನಾಟಕದಲ್ಲಿ ಲಾಟರಿ ನಿಂತಿದ್ದು 2007ರಲ್ಲಿ. ಆದರೆ ಗಡಿಯ ಆಚೆ ಕೇರಳದಲ್ಲಿ ಸರ್ಕಾರವೇ ಟಿಕೆಟ್ ಮಾರುತ್ತದೆ, ದಿನಾ ಮಧ್ಯಾಹ್ನ 3ಕ್ಕೆ ಡ್ರಾ ಮಾಡುತ್ತದೆ. ಹಾಗಾಗಿ ಕಾಸರಗೋಡಿಗೆ ಓಡಾಡುವವರು, ವಯನಾಡಿಗೆ ಕೆಲಸಕ್ಕೆ ಹೋಗುವವರು, ಶಬರಿಮಲೆಯಿಂದ ವಾಪಸ್ ಬರುವವರು ಒಂದು ಟಿಕೆಟ್ ಜೇಬಿಗೆ ಹಾಕಿಕೊಂಡು ಬರೋದು ಇದ್ದೇ ಇದೆ. 2024ರ ತಿರುವೋಣಂ ಬಂಪರ್‌ನ (ಓಣಂ ಹಬ್ಬಕ್ಕೆ ತರುವ ದೊಡ್ಡ ಬಹುಮಾನದ ಲಾಟರಿ) 25 ಕೋಟಿ ಬಂದಿದ್ದು ಕರ್ನಾಟಕದವರಿಗೇ. ಟಿಕೆಟ್ ಮಾರಾಟ ಆಗಿದ್ದು ವಯನಾಡಿನಲ್ಲಿ.

ಆಮೇಲಿಂದ ಓದುಗರ ಪ್ರಶ್ನೆಗಳು ನಿಂತಿಲ್ಲ. ಒಬ್ಬರಿಗೆ 5 ಸಾವಿರ ಬಂದಿದೆ, ಕೇರಳಕ್ಕೆ ಹೋಗುವ ಲಾರಿ ಡ್ರೈವರ್ ಕೈಲಿ ಕಳಿಸಬಹುದಾ ಅಂತ ಕೇಳುತ್ತಾರೆ. ಇನ್ನೊಬ್ಬರಿಗೆ 1 ಲಕ್ಷ, ಊರಿನ ಬ್ಯಾಂಕಿಗೆ ಕೊಡಲಾ, ಕಾಸರಗೋಡಿಗೇ ಹೋಗಲಾ ಅನ್ನೋ ಗೊಂದಲ. ಮತ್ತೊಬ್ಬರಿಗೆ ಯಾರೋ ಬಂದು "ಟಿಕೆಟ್ ನಮಗೆ ಕೊಡಿ, ಇವತ್ತೇ ನಗದು ಎಣಿಸ್ತೀವಿ" ಅಂದಿದ್ದಾರೆ. ಇವರೆಲ್ಲರಿಗೂ ಒಂದೇ ಉತ್ತರ ಕೊಡೋಕೆ ಆಗಲ್ಲ. ಮೊತ್ತ ಬದಲಾದರೆ ದಾರಿಯೂ ಬದಲಾಗುತ್ತದೆ.

ದಾರಿ ಆರಿಸುವ ಮೊದಲು ಟಿಕೆಟ್ಟನ್ನೇ ಒಮ್ಮೆ ನೋಡಿ. ಎರಡು ಅಕ್ಷರದ ಸೀರೀಸ್, ಆಮೇಲೆ ಆರು ಅಂಕಿ. ಮೊದಲ ಬಹುಮಾನಕ್ಕೆ ಸೀರೀಸ್ ಕೂಡ ಸೇರಬೇಕು. ಅಂಕಿ ಅದೇ ಇದ್ದು ಸೀರೀಸ್ ಬೇರೆ ಆಗಿದ್ದರೆ ಸಿಗೋದು ಸಮಾಧಾನಕರ ಬಹುಮಾನ ಮಾತ್ರ. ಸಣ್ಣ ಬಹುಮಾನಗಳಿಗೆ ಕೊನೆಯ ನಾಲ್ಕು ಅಂಕಿ ಸೇರಿದರೆ ಸಾಕು. ವಾಟ್ಸಾಪ್‌ನಲ್ಲಿ ಓಡಾಡುವ ಫಲಿತಾಂಶದ ಚಿತ್ರ ನಂಬಬೇಡಿ. ಕೇರಳ ಸರ್ಕಾರದ ಗೆಜೆಟ್‌ನಲ್ಲಿ ಬಂದ ಫಲಿತಾಂಶಕ್ಕೇ ಬೆಲೆ.

ನಂಬರ್ ಸೇರಿದ್ದು ಖಾತ್ರಿ ಆದ ಕೂಡಲೇ ಟಿಕೆಟ್ ಹಿಂದೆ ನಿಮ್ಮ ಹೆಸರು, ವಿಳಾಸ ಬರೆದು ಸಹಿ ಹಾಕಿ. ಬೇರೆಲ್ಲಾ ಆಮೇಲೆ. ಸಹಿ ಇಲ್ಲದ ಟಿಕೆಟ್ ಯಾರ ಕೈಲಿದೆಯೋ ಅವರದ್ದೇ ಅನ್ನೋ ಹಾಗಿರುತ್ತದೆ. ಎರಡೂ ಬದಿಯ ಜೆರಾಕ್ಸ್ ಮಾಡಿಸಿ, ಫೋಟೋನೂ ತೆಗೆದಿಟ್ಟುಕೊಳ್ಳಿ. ಲ್ಯಾಮಿನೇಷನ್ ಮಾತ್ರ ಬೇಡ, ಟೇಪ್ ಅಂಟಿಸೋದೂ ಬೇಡ. ಹರಿದ, ತಿದ್ದಿದ, ಹಾಳಾದ ಟಿಕೆಟ್‌ಗೆ ಹಣ ಕೊಡಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಮಡಚದೆ ಇಟ್ಟರೆ ಸಾಕು. ಡ್ರಾ ಆದ ದಿನದಿಂದ 30 ದಿನದೊಳಗೆ ಟಿಕೆಟ್ ಒಪ್ಪಿಸಬೇಕು. ಬಂಪರ್ ಇರಲಿ, 100 ರೂಪಾಯಿ ಇರಲಿ, ಇದೇ ನಿಯಮ.

ಏನನ್ನು ನೋಡಿ ಆರಿಸಬೇಕು

ಎಲ್ಲರೂ ಮೊದಲು ಕೇಳೋದು "ಎಲ್ಲಿ ಬೇಗ ದುಡ್ಡು ಬರುತ್ತೆ" ಅಂತ. ನಾನು ಅದನ್ನು ಕೊನೆಗೆ ಇಡುತ್ತೇನೆ. ಮೊದಲು ನೋಡಬೇಕಾದ್ದು, ಟಿಕೆಟ್ ನಿಮ್ಮ ಕೈ ಬಿಟ್ಟ ಆ ಗಳಿಗೆಯಲ್ಲಿ ಬದಲಿಗೆ ನಿಮ್ಮ ಕೈಗೆ ಏನು ಬರುತ್ತದೆ ಅನ್ನೋದು. ನಗದು ಬರುತ್ತಾ? ಸೀಲ್ ಹಾಕಿದ ರಸೀದಿ ಬರುತ್ತಾ? ಇಲ್ಲ ಬರೀ ಬಾಯಿಮಾತಾ? ಹಣ ಬರೋದು ತಡವಾದರೆ ಕಾಯಬಹುದು. ರಸೀದಿ ಇಲ್ಲದೆ ಟಿಕೆಟ್ ಹೋದರೆ ಯಾರನ್ನು ಕೇಳೋದು?

ಎರಡನೆಯದು ಮೊತ್ತ. 5 ಸಾವಿರ, 10 ಸಾವಿರ, 1 ಲಕ್ಷ, ಈ ಮೂರು ಗೆರೆಗಳನ್ನು ನೆನಪಿಡಿ. 5 ಸಾವಿರದವರೆಗೆ ಅಂಗಡಿಯಲ್ಲೇ ಸಿಗುತ್ತದೆ. 10 ಸಾವಿರ ಮೀರಿದರೆ ಹಣ ಕೈಗೆ ಬರುವ ಮೊದಲೇ 30% ಆದಾಯ ತೆರಿಗೆ ಮುರಿದುಕೊಳ್ಳುತ್ತಾರೆ. 1 ಲಕ್ಷದವರೆಗಿನದ್ದು ಜಿಲ್ಲಾ ಕಚೇರಿಯಲ್ಲಿ ಮುಗಿಯುತ್ತದೆ. ಅದಕ್ಕಿಂತ ಮೇಲಿನದ್ದು ತಿರುವನಂತಪುರದ ಲಾಟರಿ ನಿರ್ದೇಶನಾಲಯಕ್ಕೇ ಹೋಗಬೇಕು.

ಆಮೇಲೆ ಓಡಾಟ, ಭಾಷೆ, ಎಷ್ಟು ಜನಕ್ಕೆ ಸುದ್ದಿ ಗೊತ್ತಾಗುತ್ತದೆ ಅನ್ನೋದು. ಈ ಕೊನೆಯದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. 2022ರ ತಿರುವೋಣಂ ಬಂಪರ್ ಗೆದ್ದವರ ಮನೆಗೆ ಸಹಾಯ ಕೇಳುವವರು ಹಗಲೂ ರಾತ್ರಿ ಬರತೊಡಗಿದರು. ಬಹುಮಾನ ಬರದಿದ್ದರೇ ಚೆನ್ನಾಗಿತ್ತು ಅಂತ ಅವರೇ ಹೇಳುವ ಸ್ಥಿತಿ ಬಂತು. ಆಗಿನ್ನೂ ಹಣ ಅವರ ಖಾತೆಗೆ ಬಂದೇ ಇರಲಿಲ್ಲ.

ಲಾಟರಿ ಅಂಗಡಿ

5 ಸಾವಿರ ಅಥವಾ ಅದಕ್ಕಿಂತ ಕಡಿಮೆ ಬಂದಿದ್ದರೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಟಿಕೆಟ್ ಕೊಂಡ ಅಂಗಡಿಗೇ ಹೋಗಬೇಕಂತಿಲ್ಲ, ಕೇರಳದ ಯಾವ ಲಾಟರಿ ಅಂಗಡಿಯಾದರೂ ಸರಿ. ಟಿಕೆಟ್ ಕೊಡಿ, ಅವರು ನಂಬರ್ ನೋಡುತ್ತಾರೆ, ನಗದು ಎಣಿಸುತ್ತಾರೆ. ಅಲ್ಲಿಗೆ ಮುಗೀತು. ಕೆಲವು ಕಡೆ "ಹಣದ ಬದಲು ಬೇರೆ ಟಿಕೆಟ್ ತಗೊಳ್ಳಿ" ಅನ್ನುತ್ತಾರೆ. ಬೇಡ ಅನ್ನಿಸಿದರೆ ಬೇಡ ಅನ್ನಿ. ಹಣ ಕೇಳೋದು ನಿಮ್ಮ ಹಕ್ಕು.

ಲೆಕ್ಕ ಹಾಕಬೇಕಾದವರು ದೂರದವರು. ಮಂಗಳೂರಿನವರಿಗೆ ಮಂಜೇಶ್ವರ ಪಕ್ಕದಲ್ಲೇ ಇದೆ. ತುಮಕೂರಿನವರು 500 ರೂಪಾಯಿಗಾಗಿ ಹೊರಟರೆ ಬಸ್ ಚಾರ್ಜೇ ಜಾಸ್ತಿ ಆಗುತ್ತದೆ. ತಿಂಗಳೊಳಗೆ ಆ ಕಡೆ ಹೋಗುವ ಕೆಲಸ ಇದ್ದರೆ ಟಿಕೆಟ್ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬಿಟ್ಟುಬಿಡಿ. ಗುರುತಿರುವ ಡ್ರೈವರ್ ಕೈಲಿ ಕಳಿಸೋದು ಈ ಮೊತ್ತಕ್ಕೆ ಪರವಾಗಿಲ್ಲ. ಹೋದರೂ ಹೋಗೋದು ಅಷ್ಟೇ. 5 ಸಾವಿರದ ಗೆರೆ ದಾಟಿದ ಟಿಕೆಟ್ಟನ್ನು ಮಾತ್ರ ಇನ್ನೊಬ್ಬರ ಕೈಗೆ ಕೊಡಬೇಡಿ, ಅವರು ಎಷ್ಟೇ ಒಳ್ಳೆಯವರಾಗಿರಲಿ.

ಜಿಲ್ಲಾ ಲಾಟರಿ ಕಚೇರಿ

ಕೇರಳದ 14 ಜಿಲ್ಲೆಗಳಲ್ಲೂ ಇಂಥ ಕಚೇರಿ ಇದೆ. ನಮ್ಮವರಿಗೆ ಹತ್ತಿರದವು ಕಾಸರಗೋಡು, ಕಣ್ಣೂರು, ವಯನಾಡು. 1 ಲಕ್ಷದವರೆಗಿನ ಬಹುಮಾನಕ್ಕೆ ನಾನು ಮೊದಲು ಹೇಳೋದು ಇದನ್ನೇ. ಯಾಕೆಂದರೆ ಟಿಕೆಟ್ ನಿಮ್ಮ ಕೈಯಿಂದ ನೇರವಾಗಿ ಸರ್ಕಾರದ ಕೈಗೆ ಹೋಗುತ್ತದೆ, ನಡುವೆ ಯಾರೂ ಇಲ್ಲ. ಕಾಸರಗೋಡಿನಲ್ಲಿ ಕನ್ನಡ ಬಲ್ಲವರು ಸಿಗುವುದು ಕಷ್ಟವಲ್ಲ, ಇದು ಸಣ್ಣ ಅನುಕೂಲ ಅಲ್ಲ. ಫಾರಂನಲ್ಲಿ ಹೆಸರಿನ ಒಂದು ಅಕ್ಷರ ಆಧಾರ್‌ನಲ್ಲಿ ಒಂದು ಥರ, ಪ್ಯಾನ್‌ನಲ್ಲಿ ಇನ್ನೊಂದು ಥರ ಇದ್ದರೆ ಅದನ್ನು ವಿವರಿಸೋಕೆ ಭಾಷೆ ಬೇಕಲ್ವಾ.

ತೆಗೆದುಕೊಂಡು ಹೋಗಬೇಕಾದ್ದು: ಕ್ಲೇಮ್ ಅರ್ಜಿ, ಟಿಕೆಟ್, ಟಿಕೆಟ್‌ನ ಎರಡೂ ಬದಿಯ ಜೆರಾಕ್ಸ್, ಗುರುತಿನ ಚೀಟಿ, ಪ್ಯಾನ್ ಕಾರ್ಡಿನ ಪ್ರತಿ, ಗೆಜೆಟೆಡ್ ಅಧಿಕಾರಿ ಅಥವಾ ನೋಟರಿ ಸಹಿ ಹಾಕಿದ ಎರಡು ಪಾಸ್‌ಪೋರ್ಟ್ ಅಳತೆಯ ಫೋಟೋ, 1 ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ ಸಹಿ ಮಾಡಿದ ರಸೀದಿ, ಬ್ಯಾಂಕ್ ಪಾಸ್‌ಬುಕ್. ಹೊರ ರಾಜ್ಯದವರ ಕಾಗದಗಳನ್ನು ಜಾಸ್ತಿ ಗಮನ ಇಟ್ಟು ನೋಡುತ್ತಾರೆ. ಅದಕ್ಕೇ ಊರು ಬಿಡುವ ಮೊದಲೇ ನೋಟರಿ ಹತ್ತಿರ ಎಲ್ಲದಕ್ಕೂ ಸಹಿ, ಸೀಲ್ ಹಾಕಿಸಿಕೊಳ್ಳಿ. ಆ ರೆವಿನ್ಯೂ ಸ್ಟ್ಯಾಂಪನ್ನೂ ಊರಲ್ಲೇ ಕೊಂಡು ಹೋಗಿ, ಅಲ್ಲಿ ಹೋಗಿ ಅಂಚೆ ಕಚೇರಿ ಹುಡುಕುತ್ತಾ ಅರ್ಧ ದಿನ ಕಳೆಯೋದು ಯಾಕೆ.

ತೊಂದರೆ ಅಂದರೆ ಒಂದು ದಿನದ ಕೂಲಿ ಅಥವಾ ರಜೆ. ಯಾವುದೋ ಕಾಗದ ಕಡಿಮೆ ಬಿದ್ದರೆ ಇನ್ನೊಂದು ದಿನ.

ನಿಮ್ಮ ಬ್ಯಾಂಕ್

ದೊಡ್ಡ ಬಹುಮಾನ ಬಂದವರಲ್ಲಿ ಬಹಳ ಜನ ಹಿಡಿಯೋದು ಇದೇ ದಾರಿ, ಅದಕ್ಕೆ ಕಾರಣವೂ ಇದೆ. ರಾಷ್ಟ್ರೀಕೃತ ಬ್ಯಾಂಕ್ ಅಥವಾ ಬೇರೆ ಷೆಡ್ಯೂಲ್ಡ್ ಬ್ಯಾಂಕಿಗೆ, ಅಂದರೆ ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿರುವ ಬ್ಯಾಂಕಿಗೆ, ಟಿಕೆಟ್ ಒಪ್ಪಿಸಬಹುದು. ಬ್ಯಾಂಕ್ ನಿಮ್ಮ ಪರವಾಗಿ ಅದನ್ನು ಲಾಟರಿ ಇಲಾಖೆಗೆ ಕಳಿಸುತ್ತದೆ, ಹಣ ಬಂದ ಮೇಲೆ ನಿಮ್ಮ ಖಾತೆಗೆ ಹಾಕುತ್ತದೆ. ಕೋಟಿ ಬೆಲೆಯ ಕಾಗದ ರಾತ್ರಿ ನಿಮ್ಮ ಮನೆಯ ಬೀರುವಿನಲ್ಲಿ ಇರಲ್ಲ, ಬ್ಯಾಂಕಿನ ಲಾಕರ್‌ನಲ್ಲಿ ಇರುತ್ತದೆ. ಅದೊಂದೇ ಸಾಕು ನಿದ್ದೆ ಬರೋಕೆ.

ಆದರೆ ಇಲ್ಲಿ ಕಾಗದಪತ್ರ ಒಂದು ಪಟ್ಟು ಜಾಸ್ತಿ. ಮೇಲೆ ಹೇಳಿದವುಗಳ ಜೊತೆಗೆ, ನಿಮ್ಮ ಪರವಾಗಿ ಹಣ ಪಡೆಯಲು ಬ್ಯಾಂಕಿಗೆ ನೀವು ಕೊಡುವ ಅಧಿಕಾರ ಪತ್ರ ಬೇಕು. ಟಿಕೆಟ್ ಇಂಥವರಿಂದ ಇಂಥ ದಿನ ಬಂತು ಅನ್ನೋ ಬ್ಯಾಂಕಿನ ಸರ್ಟಿಫಿಕೇಟ್ ಬೇಕು. ಹಣ ವಸೂಲಿ ಮಾಡುವ ಶಾಖೆಯ ಸರ್ಟಿಫಿಕೇಟೂ ಬೇಕು. ಇದರಲ್ಲಿ ನೀವು ಕಣ್ಣಿಟ್ಟು ನೋಡಬೇಕಾದ್ದು ತಾರೀಖು. 30 ದಿನದೊಳಗೆ ಟಿಕೆಟ್ ಒಪ್ಪಿಸಿದ್ದೀರಿ ಅನ್ನೋದಕ್ಕೆ ಆ ತಾರೀಖೇ ಸಾಕ್ಷಿ. ಟಿಕೆಟ್‌ನ ಸೀರೀಸ್, ನಂಬರ್, ಡ್ರಾ ದಿನಾಂಕ, ಮ್ಯಾನೇಜರ್ ಸಹಿ, ಶಾಖೆಯ ಸೀಲ್, ಇಷ್ಟೂ ಇರುವ ಒಂದು ಪ್ರತಿ ನಿಮ್ಮ ಕೈಗೆ ಬರೋವರೆಗೆ ಕೌಂಟರಿನಿಂದ ಏಳಬೇಡಿ. "ನಾಳೆ ಕೊಡ್ತೀವಿ ಸಾರ್" ಅಂದರೆ ಟಿಕೆಟ್ಟನ್ನೂ ನಾಳೆಯೇ ಕೊಡಿ.

ಈಗ ಊರಿನ ಶಾಖೆಯಾ, ಕೇರಳದ ಶಾಖೆಯಾ ಅನ್ನೋ ಪ್ರಶ್ನೆ. ಕರ್ನಾಟಕದ ಒಳನಾಡಿನ ಶಾಖೆಯವರು ಲಾಟರಿ ಕ್ಲೇಮ್ ನೋಡಿಯೇ ಇರಲ್ಲ. ಮೇಲಿನವರನ್ನು ಕೇಳಿ ಹೇಳ್ತೀವಿ ಅಂತ ದಿನ ಕಳೆಯುತ್ತಾರೆ, ಆ ಕಡೆ 30 ದಿನದ ಗಡಿಯಾರ ಓಡುತ್ತಲೇ ಇರುತ್ತದೆ. ಕೇರಳದ ಶಾಖೆಯವರಿಗೆ ಇದು ಗೊತ್ತಿರುವ ಕೆಲಸ. ಎರಡೂ ಕಡೆ ಶಾಖೆ ಇರುವ ಬ್ಯಾಂಕಿನಲ್ಲಿ ನಿಮ್ಮ ಖಾತೆ ಇದ್ದರೆ, ಗಡಿ ದಾಟಿ ಕಾಸರಗೋಡು ಅಥವಾ ವಯನಾಡಿನ ಕಲ್ಪೆಟ್ಟದ ಶಾಖೆಯಲ್ಲಿ ಒಪ್ಪಿಸಿ, ಹಣ ಊರಿನ ಖಾತೆಗೆ ಬರುವ ಹಾಗೆ ಮಾಡಿ. ಇದು ನನ್ನ ಸಲಹೆ. ಊರಿನ ಶಾಖೆಯಲ್ಲಿ ಒಪ್ಪಿಸಿದರೆ ಇನ್ನೊಂದು ಫಜೀತಿ ಇದೆ. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ.

ಬ್ಯಾಂಕ್ ದಾರಿಯಲ್ಲಿ ಹಣ ಬೇಗ ಬರಲ್ಲ. ಶಾಖೆಯಿಂದ ಇಲಾಖೆಗೆ, ಅಲ್ಲಿ ಪರಿಶೀಲನೆ, ಅಲ್ಲಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ನಿಮಗೆ. ಕಲೆಕ್ಷನ್ ಚಾರ್ಜ್ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ನೇರವಾಗಿ ತಿರುವನಂತಪುರ

ನಿರ್ದೇಶನಾಲಯ ಇರೋದು ವಿಕಾಸ್ ಭವನದಲ್ಲಿ. ಮಂಗಳೂರು ಸೆಂಟ್ರಲ್‌ನಿಂದ ಮಾವೇಲಿ ಅಥವಾ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ರಾತ್ರಿ ಇಡೀ ಪ್ರಯಾಣ. ಟಿಕೆಟ್ ಯಾರ ಕೈಗೂ ಹೋಗದೆ ಇಲಾಖೆಗೇ ತಲುಪುತ್ತದೆ, ರಸೀದಿ ಅಲ್ಲೇ ಸಿಗುತ್ತದೆ, ಒಂದು ಹಂತ ಕಡಿಮೆ ಆಗುತ್ತದೆ. ಕಾಗದ ಎಲ್ಲ ಸರಿಯಾಗಿದ್ದು, ಜೊತೆಗೆ ಬರೋಕೆ ನಂಬಿಕೆಯ ಒಬ್ಬರು ಇದ್ದರೆ ಒಳ್ಳೆಯ ದಾರಿ. ಒಬ್ಬರೇ ಹೋಗೋದಾದರೆ, ಅದೂ 1 ಕೋಟಿಯ ಟಿಕೆಟ್ ಬ್ಯಾಗಿನಲ್ಲಿಟ್ಟುಕೊಂಡು ಸ್ಲೀಪರ್ ಬೋಗಿಯಲ್ಲಿ, ನಾನು ಬೇಡ ಅಂತೀನಿ. ಬ್ಯಾಂಕೇ ವಾಸಿ. ಅಂಚೆಯಲ್ಲಿ ಕಳಿಸೋದನ್ನಂತೂ ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

"ಟಿಕೆಟ್ ನಮಗೆ ಕೊಡಿ, ನಗದು ತಗೊಳ್ಳಿ"

ದೊಡ್ಡ ಬಹುಮಾನ ಬಂದವರ ಮನೆ ಹುಡುಕಿಕೊಂಡು ಬರುವವರಿದ್ದಾರೆ. ತೆರಿಗೆ ಕಳೆದು ನಿಮಗೆ ಬರುವುದಕ್ಕಿಂತ ಜಾಸ್ತಿಯೇ ಕೊಡ್ತೀವಿ ಅನ್ನುತ್ತಾರೆ. ಅವರಿಗೆ ಬೇಕಿರೋದು ಕಪ್ಪು ಹಣವನ್ನು ಬಿಳಿ ಮಾಡೋಕೆ ಒಂದು ಕಾಗದ. ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳೋದು ಕಾನೂನಿಗೆ ವಿರುದ್ಧ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಆ ನಗದಿನಲ್ಲಿ ಮನೆ ಕಟ್ಟೋಕೆ ಹೋದರೆ ಹಣ ಎಲ್ಲಿಂದ ಬಂತು ಅನ್ನೋ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರಲ್ಲ. ಉತ್ತರ ಅವರ ಹತ್ತಿರ ಇರುತ್ತದೆ, ನಿಮ್ಮ ಟಿಕೆಟ್‌ನ ರೂಪದಲ್ಲಿ. ಎಷ್ಟೇ ತುರ್ತಿದ್ದರೂ ಈ ದಾರಿ ಬೇಡ.

ಇದರ ತಮ್ಮನಂಥ ಇನ್ನೊಂದಿದೆ. ಫೋನಿನಲ್ಲಿ "ನಿಮಗೆ ಕೇರಳ ಲಾಟರಿ ಬಂದಿದೆ, ಬಿಡುಗಡೆಗೆ ಜಿಎಸ್‌ಟಿ ಕಟ್ಟಿ" ಅನ್ನುತ್ತಾರೆ. ಕೇರಳ ಲಾಟರಿ ಕಾಗದದ ಟಿಕೆಟ್ ಮಾತ್ರ, ಇಲಾಖೆ ಆನ್‌ಲೈನಿನಲ್ಲಿ ಮಾರಲ್ಲ. ಮುರಿಯುವುದೆಲ್ಲ ಬಹುಮಾನದಲ್ಲೇ ಮುರಿಯುತ್ತಾರೆ. ಮುಂಚೆ ಹಣ ಕೇಳಿದರೆ ಫೋನ್ ಇಟ್ಟುಬಿಡಿ.

ಏಜೆಂಟರ ಹತ್ತಿರ ಫೋನಿನಲ್ಲಿ ಹೇಳಿ ಟಿಕೆಟ್ ತೆಗೆದಿಡಿಸುವವರಿಗೂ ಒಂದು ಮಾತು. 2021ರಲ್ಲಿ ಎರ್ನಾಕುಲಂ ಕಡೆಯ ಒಬ್ಬ ಏಜೆಂಟ್ ಮಹಿಳೆ, ಗ್ರಾಹಕರು ಇನ್ನೂ ದುಡ್ಡೇ ಕೊಡದ ಟಿಕೆಟ್‌ಗೆ 6 ಕೋಟಿ ಬಂದಾಗ ಅದನ್ನು ತಾವೇ ಒಯ್ದು ಅವರಿಗೆ ತಲುಪಿಸಿದರು. ಅಂಥವರು ದೊಡ್ಡವರು. ಆದರೆ ಆ ರಾತ್ರಿ ಟಿಕೆಟ್ ಇದ್ದದ್ದು ಅವರ ಕೈಯಲ್ಲಿ, ಗ್ರಾಹಕರ ಕೈಯಲ್ಲಲ್ಲ.

ಕೈಗೆ ಎಷ್ಟು ಬರುತ್ತೆ

ಯಾವ ದಾರಿ ಹಿಡಿದರೂ ಈ ಲೆಕ್ಕ ಒಂದೇ. 1 ಕೋಟಿ ಬಂತು ಅಂದುಕೊಳ್ಳಿ. ಮೊದಲು ಏಜೆಂಟರ ಕಮಿಷನ್ ಹೋಗುತ್ತದೆ, ಅದು 10% ಅಂತ ಇಟ್ಟುಕೊಂಡರೆ ಉಳಿಯೋದು 90 ಲಕ್ಷ. ಅದರಲ್ಲಿ 30% ತೆರಿಗೆ, ಅಂದರೆ 27 ಲಕ್ಷ. ಖಾತೆಗೆ ಬರೋದು 63 ಲಕ್ಷ. ಬಹಳ ಜನ ಇಲ್ಲಿಗೆ ಮುಗೀತು ಅಂದುಕೊಳ್ಳುತ್ತಾರೆ. ಮುಗಿಯಲ್ಲ. ವರ್ಷದ ಆದಾಯ 50 ಲಕ್ಷ ದಾಟಿದ್ದಕ್ಕೆ ಆ ತೆರಿಗೆಯ ಮೇಲೆ 10% ಸರ್‌ಚಾರ್ಜ್, ಎರಡೂ ಸೇರಿದ್ದರ ಮೇಲೆ 4% ಸೆಸ್. ಇದು ಹತ್ತಿರ ಹತ್ತಿರ 3.89 ಲಕ್ಷ. ಇದನ್ನು ಯಾರೂ ಮುರಿದುಕೊಂಡಿರಲ್ಲ, ನೀವೇ ಕಟ್ಟಬೇಕು. ಕೊನೆಗೆ ನಿಮ್ಮದು ಸುಮಾರು 59 ಲಕ್ಷ.

25 ಕೋಟಿಯ ಬಂಪರ್ ಆದರೆ ಖಾತೆಗೆ 15.75 ಕೋಟಿ ಬರುತ್ತದೆ. ಆಮೇಲೆ ಹಳೆಯ ತೆರಿಗೆ ಪದ್ಧತಿಯಲ್ಲಿ ಸರ್‌ಚಾರ್ಜ್ 37%, ಉಳಿಯೋದು ಸುಮಾರು 12.88 ಕೋಟಿ. ಹೊಸ ಪದ್ಧತಿಯಲ್ಲಿ ಸರ್‌ಚಾರ್ಜ್ 25%ಕ್ಕೆ ನಿಲ್ಲುತ್ತದೆ, ಉಳಿಯೋದು ಸುಮಾರು 13.72 ಕೋಟಿ. ಬರೀ ಪದ್ಧತಿಯ ಆಯ್ಕೆಯಿಂದ 84 ಲಕ್ಷದ ವ್ಯತ್ಯಾಸ! ಗೃಹಸಾಲ, ಎಲ್‌ಐಸಿ ಅಂತ ಹಳೆಯ ಪದ್ಧತಿಯಲ್ಲೇ ಇರುವವರು ಆ ವರ್ಷ ಸಿಎ ಹತ್ತಿರ ಕೂತು ಮಾತಾಡಲೇಬೇಕು. ಮುಂಗಡ ತೆರಿಗೆಯನ್ನೂ ಕೇಳಿ. ಅಕ್ಟೋಬರಿನಲ್ಲಿ ಗೆದ್ದವರು ಬಾಕಿ ತೆರಿಗೆಯನ್ನು ಡಿಸೆಂಬರ್ 15 ಮತ್ತು ಮಾರ್ಚ್ 15ರ ಕಂತುಗಳಲ್ಲಿ ಕಟ್ಟಬೇಕು, ತಡವಾದರೆ ಬಡ್ಡಿ ಬೀಳುತ್ತದೆ.

ಕಡಿಮೆ ಆದಾಯದವರಿಗೆ ಒಂದು ಕಹಿ ವಿಷಯ. "ನನಗೆ ವರ್ಷಕ್ಕೆ ಅಷ್ಟು ಆದಾಯವೇ ಇಲ್ಲ, ರಿಟರ್ನ್ ಹಾಕಿದರೆ ಮುರಿದ ದುಡ್ಡು ವಾಪಸ್ ಬರುತ್ತಲ್ವಾ" ಅಂತ ಕೇಳುತ್ತಾರೆ. ಲಾಟರಿ ಹಣಕ್ಕೆ ಮೂಲ ವಿನಾಯಿತಿ ಮಿತಿ ಅನ್ವಯಿಸಲ್ಲ. ಕೂಲಿಯವರಿಗೂ ಕೋಟ್ಯಧಿಪತಿಗೂ ಅದೇ 30%.

ಸೇರಿ ಕೊಂಡ ಟಿಕೆಟ್

2023ರಲ್ಲಿ ಮಲಪ್ಪುರಂ ಜಿಲ್ಲೆಯ ಪರಪ್ಪನಂಗಾಡಿಯಲ್ಲಿ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ 11 ಹೆಣ್ಣುಮಕ್ಕಳು 250 ರೂಪಾಯಿ ಒಟ್ಟು ಮಾಡಿ ಒಂದು ಟಿಕೆಟ್ ಕೊಂಡಿದ್ದರು, ಮಾನ್ಸೂನ್ ಬಂಪರ್‌ನ 10 ಕೋಟಿ ಬಂತು. ಇಂಥ ಟಿಕೆಟ್ ಒಪ್ಪಿಸುವ ಮೊದಲು ಯಾರ ಪಾಲು ಎಷ್ಟು ಅಂತ ಛಾಪಾ ಕಾಗದದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಅದನ್ನು ಕ್ಲೇಮ್ ಜೊತೆಗೇ ಕೊಡಿ. ಇಡೀ ಹಣ ಒಬ್ಬರ ಪ್ಯಾನ್ ಮೇಲೆ ಬಂದರೆ ದೊಡ್ಡ ಸರ್‌ಚಾರ್ಜೂ ಅವರ ತಲೆ ಮೇಲೇ ಬೀಳುತ್ತದೆ. ಆಮೇಲೆ ಹಂಚಿದರೂ ಅದನ್ನು ವಿವರಿಸುವ ಕಷ್ಟ ಅವರದ್ದೇ. ಗುಂಪಿನವರಿಗೆ ಬ್ಯಾಂಕ್ ದಾರಿಯೇ ಸರಿ. ಎಲ್ಲರೂ ಒಟ್ಟಿಗೆ ಶಾಖೆಗೆ ಹೋಗಿ.

ಕಾಯುವ ಕಾಲ

ದೊಡ್ಡ ಮೊತ್ತ ಬರೋಕೆ ವಾರಗಟ್ಟಲೆ ಹಿಡಿಯುತ್ತದೆ. ಟಿಕೆಟ್ ಅಸಲಿಯಾ, ಅದರ ಮೇಲೆ ಬೇರೆ ಯಾರಾದರೂ ಹಕ್ಕು ಹೇಳಿದ್ದಾರಾ, ಕಾಗದ ಸರಿಯಿದೆಯಾ ಅಂತೆಲ್ಲ ನೋಡುತ್ತಾರೆ. ಟಿಕೆಟ್ ಕೊಂಡ ಊರು, ಅಂಗಡಿ, ದಿನ ಇವನ್ನು ಬರೆದಿಟ್ಟುಕೊಂಡಿರಿ, ಕೇಳಿದರೆ ತಡಬಡಾಯಿಸಬಾರದು. ಬರುವ ಹಣ ನಂಬಿ ಕೈಸಾಲ ಮಾಡಬೇಡಿ, ಸೈಟಿಗೆ ಮುಂಗಡ ಕೊಡಬೇಡಿ. ಕಾಗದದಲ್ಲಿ ಒಂದು ಸಹಿ ತಪ್ಪಿದರೂ ತಿಂಗಳು ಮುಂದೆ ಹೋಗಬಹುದು, ಕೈಸಾಲದ ಬಡ್ಡಿ ಮಾತ್ರ ಕಾಯಲ್ಲ. ಗೆದ್ದವರಿಗಾಗಿ ಕೇರಳದ ಲಾಟರಿ ಇಲಾಖೆ 2023ರಿಂದ ಗುಲಾಟಿ ಹಣಕಾಸು ಮತ್ತು ತೆರಿಗೆ ಸಂಸ್ಥೆಯ ಮೂಲಕ ಹಣ ನಿಭಾಯಿಸುವ ತರಬೇತಿ ಶುರುಮಾಡಿದೆ. ಕರೆ ಬಂದರೆ ತಪ್ಪಿಸಿಕೊಳ್ಳಬೇಡಿ.

ಇನ್ನು ಬಹಳ ಜನ ಸಿಕ್ಕಿಹಾಕಿಕೊಳ್ಳುವ ನಡುವಿನ ಮೊತ್ತ, 5 ಸಾವಿರದಿಂದ 10 ಸಾವಿರದೊಳಗಿನದ್ದು. ಅಂಗಡಿಯವರು ಕೊಡಲ್ಲ, ತೆರಿಗೆ ಮುರಿಯಲ್ಲ, ದೂರದವರಿಗೆ ಹೋಗಿಬರೋದು ಭಾರ. ದಕ್ಷಿಣ ಕನ್ನಡ, ಕೊಡಗು, ಚಾಮರಾಜನಗರದವರು ಒಂದು ದಿನ ಬಿಡುವು ಮಾಡಿಕೊಂಡು ಹತ್ತಿರದ ಜಿಲ್ಲಾ ಕಚೇರಿಗೆ ಹೋಗಿಬನ್ನಿ, ಹೋದದ್ದಕ್ಕೆ ನಷ್ಟ ಇಲ್ಲ. ಬೆಂಗಳೂರಿನಿಂದ ಆಚೆಯವರು ಮೊದಲ ವಾರದಲ್ಲೇ ನಿಮ್ಮ ಬ್ಯಾಂಕಿನಲ್ಲಿ ಕೇಳಿ ನೋಡಿ. ವಾರ ಕಳೆದರೂ ಅವರು ಹೌದು ಅನ್ನದಿದ್ದರೆ, ರೈಲು ಟಿಕೆಟ್ ಬುಕ್ ಮಾಡೋಕೆ ಇನ್ನೂ ಮೂರು ವಾರ ಇರುತ್ತದೆ.